ಪದ್ಯ ಪಾರ್ಲಿಮೆಂಟಿನದ್ದು, ಅರ್ಥ ಸರಕಾರದ್ದು

ನಮ್ಮ ಮನೆ ಜಗಲಿಯಲ್ಲಿ ಕೂತರೆ ಎದುರಿಗೆ ಒಂದು ಗುಡ್ಡ ಕಾಣುತ್ತದೆ. ಗುಡ್ಡ ಅಂದರೆ ಈಗ ಮುಕ್ಕಾಲು ಗುಡ್ಡ. ಕರ್ನಾಟಕ-ಕೇರಳ ಗಡಿಯ ತಲಪಾಡಿಯಿಂದ ತೆಂಕಿಗೆ ಹೆದ್ದಾರಿ ಆರು ಪಥ ಆಗುವಾಗ ನಮ್ಮ ಕಾಸರಗೋಡು ಜಿಲ್ಲೆಯಿಡೀ ಮಣ್ಣಿಗೆ ಬೇಡಿಕೆ ಬಂತು. ಹಗಲು ರಾತ್ರಿ ಟಿಪ್ಪರ್‌ಗಳು ಓಡಿದವು. ಕತ್ತರಿಸಿದ ಬದಿಯಲ್ಲಿ ಮೇಲೆ ಮುರಕಲ್ಲಿನ ಗಟ್ಟಿ ಪದರ, ಕೆಳಗೆ ಹಳದಿ ಜೇಡಿಮಣ್ಣು. ನಡುವೆ ಒಂದು ಗೇರುಮರದ ಬೇರು ಹಿಡಿಯಲಿಕ್ಕೆ ಏನೂ ಇಲ್ಲದೆ ನೇತಾಡುತ್ತಿದೆ.

ಮೊನ್ನೆ ಚಿಕ್ಕಪ್ಪ ಬಂದವರು ಅದನ್ನೇ ನೋಡುತ್ತಾ ಕೇಳಿದರು: "ಅಲ್ಲ ಮಾರಾಯಾ, ಇಷ್ಟು ಮಣ್ಣು ತೆಗೆಯಲಿಕ್ಕೆ ಪರಿಸರದವರ ಅನುಮತಿ ಬೇಡವಾ?"

"2020ರ ಮಾರ್ಚಿನವರೆಗೆ ಬೇಕಿತ್ತು. ಆಮೇಲೆ ಮಾರ್ಗದ ಕೆಲಸಕ್ಕಾದರೆ ಬೇಡ ಅಂತಾಯಿತು. 2024ರಲ್ಲಿ ಪುನಃ ಬೇಕು ಅಂತಾಯಿತು."

"ನಾಲ್ಕು ವರ್ಷದಲ್ಲಿ ಎರಡು ಸಲ ಕಾನೂನು ಬದಲಿಸಿದರಾ?"

"ಕಾನೂನು ಒಂದು ಸಲವೂ ಬದಲಾಗಲಿಲ್ಲ, ಚಿಕ್ಕಪ್ಪ."

ಅವರು ನನ್ನ ಮುಖ ನೋಡಿದ ರೀತಿಗೆ ಉತ್ತರವಾಗಿ ಈ ಲೇಖನ.

ಚಿಕ್ಕಪ್ಪ ತಾಳಮದ್ದಳೆಯ ಹುಚ್ಚಿನವರು. ಹಾಗಾಗಿ ಅವರಿಗೆ ನಾನು ಹೇಳಿದ್ದು ಹೀಗೆ. ಪ್ರಸಂಗದಲ್ಲಿ ಪದ್ಯ ಇರುವುದು ನಾಲ್ಕೇ ಸಾಲು. ಭಾಗವತರು ಅದನ್ನು ಎರಡು ನಿಮಿಷದಲ್ಲಿ ಹಾಡಿ ಮುಗಿಸುತ್ತಾರೆ. ಅರ್ಥಧಾರಿ ಅದೇ ನಾಲ್ಕು ಸಾಲಿಗೆ ಅರ್ಧ ಗಂಟೆ ಅರ್ಥ ಹೇಳುತ್ತಾರೆ. ಒಬ್ಬರ ಬಾಯಲ್ಲಿ ಕರ್ಣ ಕಣ್ಣೀರು ತರಿಸುತ್ತಾನೆ, ಇನ್ನೊಬ್ಬರ ಬಾಯಲ್ಲಿ ಅದೇ ಕರ್ಣ ಅಹಂಕಾರಿ. ಪದ್ಯದ ಒಂದು ಅಕ್ಷರವೂ ಬದಲಾಗಿರುವುದಿಲ್ಲ.

ನಮ್ಮ ಪರಿಸರ ಕಾಯ್ದೆಗಳೂ ಹೆಚ್ಚು ಕಡಿಮೆ ಹೀಗೆಯೇ. 1984ರ ಡಿಸೆಂಬರಿನಲ್ಲಿ ಭೋಪಾಲದ ಅನಿಲ ದುರಂತ ಆಯಿತು. ಅದರ ಬೆನ್ನಿಗೆ 1986ರಲ್ಲಿ ಪಾರ್ಲಿಮೆಂಟು ಪರಿಸರ ಸಂರಕ್ಷಣಾ ಕಾಯ್ದೆ ಮಾಡಿತು. ಒಟ್ಟು 26 ಸೆಕ್ಷನ್, ಸಣ್ಣ ಪುಸ್ತಕ. ಸಮುದ್ರದಿಂದ ಎಷ್ಟು ದೂರದಲ್ಲಿ ಮನೆ ಕಟ್ಟಬೇಕು ಅಂತ ಅದರಲ್ಲಿ ಹುಡುಕಿದರೆ ಸಿಗುವುದಿಲ್ಲ. ಕೋರೆಗೆ ಯಾರ ಒಪ್ಪಿಗೆ ಬೇಕು ಅಂತಲೂ ಇಲ್ಲ. ಪ್ಲಾಸ್ಟಿಕ್ ತೊಟ್ಟೆ ಎಷ್ಟು ದಪ್ಪ ಇರಬೇಕು ಅಂತಲೂ ಇಲ್ಲ. ಇರುವ ಮುಖ್ಯ ಮಾತು ಮೂರನೇ ಸೆಕ್ಷನ್‌ನದ್ದು. ಪರಿಸರ ಕಾಪಾಡಲು ಅಗತ್ಯ ಅಂತ ತನಗೆ ಕಂಡ ಎಲ್ಲ ಕ್ರಮವನ್ನೂ ಕೇಂದ್ರ ಸರಕಾರ ಕೈಗೊಳ್ಳಬಹುದು. ಐದನೇ ಸೆಕ್ಷನ್ ಪ್ರಕಾರ ಕಾರ್ಖಾನೆ ಮುಚ್ಚಿಸಬಹುದು, ಅದರ ಕರೆಂಟು ನೀರು ಕಡಿಯಬಹುದು.

"ತನಗೆ ಕಂಡ" ಅನ್ನುವಲ್ಲಿ ಎಲ್ಲ ಇದೆ. ಆ ಕಾಣುವಿಕೆಯನ್ನು ಸರಕಾರ ಕಾಗದಕ್ಕೆ ಇಳಿಸುವುದು ನಿಯಮ, ಅಧಿಸೂಚನೆ ಮತ್ತು ಕಚೇರಿ ಜ್ಞಾಪನದ ಮೂಲಕ. ಈ ನಿಯಮ, ಅಧಿಸೂಚನೆಗಳ ಮೇಲೆ ಪಾರ್ಲಿಮೆಂಟಿನಲ್ಲಿ ಮೊದಲೇ ಮತ ಹಾಕುವ ಪದ್ಧತಿ ಇಲ್ಲ. ಕಾಯ್ದೆಯಡಿ ಮಾಡಿದ ನಿಯಮಗಳನ್ನು ಆಮೇಲೆ ಸದನದ ಮೇಜಿನ ಮೇಲೆ ಇಡಬೇಕು, ನಿಜ. ಮೇಜಿನ ಮೇಲೆ ದಿನಾ ಎಷ್ಟು ಕಾಗದ ಬೀಳುತ್ತದೆ ಅಂತ ಊಹಿಸಿ. ಇನ್ನು ಕಚೇರಿ ಜ್ಞಾಪನ ಅಂದರೆ ಸಚಿವಾಲಯದ ಒಬ್ಬ ಅಧಿಕಾರಿ ಸಹಿ ಹಾಕಿದ ಎರಡು ಮೂರು ಪುಟ. ಗಾತ್ರ ನೋಡಿ ಮೋಸ ಹೋಗಬಾರದು.

ಸಮುದ್ರ ದಂಡೆಯ ಕತೆ ಇದಕ್ಕೆ ಒಳ್ಳೆಯ ಉದಾಹರಣೆ. ಮಂಜೇಶ್ವರದಿಂದ ತ್ರಿಕ್ಕರಿಪುರದವರೆಗೆ ನಮ್ಮದು ಉದ್ದದ ಕರಾವಳಿ ತಾನೇ. ಇಲ್ಲಿ ಮನೆ ಕಟ್ಟಲು ಹೊರಟ ಪ್ರತಿ ಮೀನುಗಾರನಿಗೂ 'ಸಿಆರ್‌ಝಡ್', ಅಂದರೆ ಕರಾವಳಿ ನಿಯಂತ್ರಣ ವಲಯ, ಗೊತ್ತು. ಅದರ ಮೂಲ ಒಂದು ಪತ್ರ. 1981ರ ನವೆಂಬರಿನಲ್ಲಿ ಪ್ರಧಾನಿ ಇಂದಿರಾ ಗಾಂಧಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಬರೆದರು: ಉಬ್ಬರದ ಗೆರೆಯಿಂದ 500 ಮೀಟರ್ ಜಾಗವನ್ನು ಕಟ್ಟಡಗಳಿಲ್ಲದೆ ಬಿಡಿ. ಆಗ ಅದಕ್ಕೆ ಕಾನೂನಿನ ಬಲ ಇರಲಿಲ್ಲ, ಪ್ರಧಾನಿಯ ಮಾತು ಅನ್ನುವ ತೂಕ ಮಾತ್ರ. ಹತ್ತು ವರ್ಷ ಕಳೆದು, 1991ರ ಫೆಬ್ರವರಿಯಲ್ಲಿ ಅದೇ 500 ಮೀಟರ್ 1986ರ ಕಾಯ್ದೆಯಡಿ ಅಧಿಸೂಚನೆಯಾಗಿ ಬಂತು. ಹಳ್ಳಿಗಾಡಿನ ದಂಡೆಯಲ್ಲಿ ಮೊದಲ 200 ಮೀಟರಿನೊಳಗೆ ಹೊಸ ಕಟ್ಟಡ ಬೇಡ ಅಂತಾಯಿತು.

ಆಮೇಲೆ ಆ ಅಧಿಸೂಚನೆಗೆ ಒಂದೊಂದೇ ತಿದ್ದುಪಡಿ ಬರುತ್ತಾ ಹೋಯಿತು. 2011ರಲ್ಲಿ ಹೊಸದು ಬಂತು. 2019ರ ಜನವರಿಯಲ್ಲಿ ಇನ್ನೊಂದು. ಅದರ ಪ್ರಕಾರ ಚದರ ಕಿಲೋಮೀಟರಿಗೆ 2161ಕ್ಕಿಂತ ಜಾಸ್ತಿ ಜನ ಇರುವ ಹಳ್ಳಿಗಳಲ್ಲಿ 200 ಮೀಟರ್ ಇದ್ದದ್ದು 50 ಮೀಟರಿಗೆ ಇಳಿಯಿತು. ದಂಡೆಯಲ್ಲೇ ಹುಟ್ಟಿ ಬೆಳೆದು, ಮನೆ ರಿಪೇರಿಗೂ ಅಲೆದಾಡುತ್ತಿದ್ದವರಿಗೆ ಇದರಿಂದ ಉಸಿರಾಡುವ ಹಾಗಾಯಿತು. ಅದೇ ಜಾಗಕ್ಕೆ ರಿಸಾರ್ಟಿನವರೂ ಕಣ್ಣು ಹಾಕುತ್ತಾರೆ ಅನ್ನುವುದೂ ಅಷ್ಟೇ ನಿಜ. ಎರಡೂ ಒಂದೇ ಹಾಳೆಯಿಂದ ಬಂದದ್ದು. 1986ರ ಕಾಯ್ದೆ ಮಾತ್ರ ಇದ್ದಲ್ಲೇ ಇತ್ತು.

ಇಂದಿರಾ ಗಾಂಧಿಯವರ ಹೆಸರು ಬಂತಲ್ಲ, ಇನ್ನೊಂದು ಸಂಗತಿ. 1980ರ ಅಕ್ಟೋಬರ್ 25ರಂದು ಅರಣ್ಯ ಸಂರಕ್ಷಣೆಗೆ ಸುಗ್ರೀವಾಜ್ಞೆ ಬಂತು. ಕೇಂದ್ರದ ಒಪ್ಪಿಗೆ ಇಲ್ಲದೆ ಕಾಡಿನ ಜಾಗವನ್ನು ಬೇರೆ ಕೆಲಸಕ್ಕೆ ಕೊಡುವ ಹಾಗಿಲ್ಲ ಅಂತ ರಾಜ್ಯಗಳಿಗೆ ಒಂದೇ ದಿನದಲ್ಲಿ ಬೀಗ ಬಿತ್ತು. ಸದನ ಸೇರಿದ್ದರೆ ಚರ್ಚೆ ಶುರುವಾಗಿ, ಅದು ಮುಗಿಯುವ ಮೊದಲೇ ಎಷ್ಟೋ ಕಾಡು ಕೈದಾಟುತ್ತಿತ್ತು ಅನ್ನುವವರಿದ್ದಾರೆ. ನನಗೂ ಹಾಗೇ ಅನಿಸುತ್ತದೆ. ಕೇರಳದ ಸೈಲೆಂಟ್ ವ್ಯಾಲಿಯ ಅಣೆಕಟ್ಟು ಯೋಜನೆ ನಿಂತುಹೋದದ್ದೂ ದಿಲ್ಲಿಯ ಒತ್ತಡ ಬಿದ್ದ ಮೇಲೆಯೇ. ಅದೇ ಕಣಿವೆಯ ಯೋಜನೆಗೆ ಹಿಂದಿನ ಪ್ರಧಾನಿ ಮೊರಾರ್ಜಿ ದೇಸಾಯಿ ಒಪ್ಪಿದ್ದರು. ಕುರ್ಚಿಯಲ್ಲಿ ಕೂತವರು ಬದಲಾದರು, ಹೊಳೆಯ ಹಣೆಬರಹವೂ ಬದಲಾಯಿತು.

ಇದು ನಮ್ಮ ದೇಶದ ಕತೆ ಮಾತ್ರ ಅಲ್ಲ. ಕೆನಡಾದಿಂದ ಅಮೆರಿಕಕ್ಕೆ ಕಚ್ಚಾ ತೈಲ ತರುವ ಕೀಸ್ಟೋನ್ ಎಕ್ಸ್‌ಎಲ್ ಎಂಬ ಪೈಪ್‌ಲೈನಿಗೆ ಗಡಿ ದಾಟಲು ಅಧ್ಯಕ್ಷರ ಪರವಾನಗಿ ಬೇಕಿತ್ತು. ದಿನಾ ತಲಪಾಡಿ ಗಡಿ ದಾಟುವವರಿಗೆ, ಅದರಲ್ಲೂ ಕೊರೊನಾ ಕಾಲದಲ್ಲಿ ದಾಟಿದವರಿಗೆ, ಇದರ ಬಿಸಿ ಬೇಗ ಅರ್ಥವಾಗುತ್ತದೆ. 2015ರಲ್ಲಿ ಒಬಾಮಾ ಕೊಡುವುದಿಲ್ಲ ಅಂದರು. 2017ರಲ್ಲಿ ಟ್ರಂಪ್ ಕೊಟ್ಟರು. 2021ರ ಜನವರಿ 20ರಂದು, ಅಧಿಕಾರಕ್ಕೆ ಬಂದ ದಿನವೇ, ಬೈಡನ್ ಕಿತ್ತುಕೊಂಡರು. ಕೆಲವು ತಿಂಗಳಲ್ಲಿ ಕಂಪನಿಯೇ ಕೈಬಿಟ್ಟಿತು. ಪ್ಯಾರಿಸ್ ಹವಾಮಾನ ಒಪ್ಪಂದದ್ದೂ ಇದೇ ಜೋಕಾಲಿ. ಟ್ರಂಪ್ ಹೊರಗೆ ತಂದರು, ಬೈಡನ್ ಒಳಗೆ ಸೇರಿಸಿದರು, 2025ರ ಜನವರಿಯಲ್ಲಿ ಟ್ರಂಪ್ ಪುನಃ ಹೊರಗೆ ಹೋಗುವ ಆದೇಶಕ್ಕೆ ಸಹಿ ಹಾಕಿದರು. ಒಂದು ಸಹಿಯಿಂದ ಆದದ್ದು ಇನ್ನೊಂದು ಸಹಿಯಿಂದ ಹೋಗುತ್ತದೆ.

ಬ್ರೆಜಿಲಿನಲ್ಲಿ ಸಹಿಗಿಂತ ಸೂಕ್ಷ್ಮವಾದದ್ದು ನಡೆಯಿತು. ಅಮೆಜಾನ್ ಕಾಡು 2004ರಲ್ಲಿ ಒಂದೇ ವರ್ಷಕ್ಕೆ ಸುಮಾರು 27,700 ಚದರ ಕಿಲೋಮೀಟರ್ ಹೋಗಿತ್ತು. ಲೂಲಾ ಸರಕಾರ ಉಪಗ್ರಹದಿಂದ ಕಣ್ಣಿಟ್ಟು, ಕಾವಲು ಬಿಗಿ ಮಾಡಿದ ಮೇಲೆ ಆ ಲೆಕ್ಕ ಇಳಿಯುತ್ತಾ ಬಂದು, 2012ರಲ್ಲಿ ಸುಮಾರು 4,500ಕ್ಕೆ ನಿಂತಿತು. ಬೊಲ್ಸೊನಾರೊ ಅಧ್ಯಕ್ಷರಾಗಿದ್ದಾಗ, 2021ರಲ್ಲಿ, ಪುನಃ 13,000 ದಾಟಿತು. ಅರಣ್ಯ ಕಾಯ್ದೆಯನ್ನು ಯಾರೂ ರದ್ದು ಮಾಡಿರಲಿಲ್ಲ. ಕಾವಲಿನವರ ಕೈ ಸಡಿಲವಾಯಿತು, ದಂಡ ವಸೂಲಿ ನಿಧಾನವಾಯಿತು, ಕಾಡು ಉಳಿಸುವ ಕೆಲಸಕ್ಕಿದ್ದ ಅಮೆಜಾನ್ ನಿಧಿಯನ್ನು ನಡೆಸುತ್ತಿದ್ದ ಸಮಿತಿಗಳನ್ನು 2019ರಲ್ಲಿ ವಿಸರ್ಜಿಸಿದರು. ನಿಧಿಯಲ್ಲಿ ದುಡ್ಡಿತ್ತು, ಖರ್ಚು ಮಾಡುವವರಿರಲಿಲ್ಲ. 2023ರ ಜನವರಿ 1ರಂದು ಲೂಲಾ ಮತ್ತೆ ಬಂದು, ಆ ದಿನವೇ ನಿಧಿಗೆ ಜೀವ ಕೊಡುವ ಆದೇಶ ಹೊರಡಿಸಿದರು. ಸರಕಾರ ಏನು ಮಾಡಿತು ಅಂತ ನೋಡುವುದು ಸುಲಭ. ಏನು ಮಾಡದೆ ಬಿಟ್ಟಿತು ಅಂತ ನೋಡುವುದು ಕಷ್ಟ. ಅದಕ್ಕೆ ಗೆಜೆಟ್ ಇಲ್ಲ.

ಏನೂ ಮಾಡದೆ ಬಿಡುವುದು ಹೇಗಿರುತ್ತದೆ ಅಂತ ಕಾಸರಗೋಡಿನವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮಗೆ ಎಂಡೋಸಲ್ಫಾನ್ ಎಂಬ ಕೀಟನಾಶಕದ ಕತೆ ಇದೆ.

ಸಣ್ಣವನಿದ್ದಾಗ ನನಗೆ ಹೆಲಿಕಾಪ್ಟರ್ ಅಂದರೆ ಸಂಭ್ರಮ. ಗೇರು ತೋಟದ ಮೇಲೆ ತೀರಾ ಕೆಳಗೆ ಹಾರುತ್ತಾ ಬರುತ್ತಿತ್ತು. ಹಿಂದೆ ಬಿಳಿ ಹೊಗೆಯ ಹಾಗೆ ಮದ್ದು. ಅಮ್ಮ ಬಾವಿಗೆ ಅಡಿಕೆ ಸೋಗೆ, ಗೋಣಿ, ಸಿಕ್ಕಿದ್ದನ್ನೆಲ್ಲ ಮುಚ್ಚಲು ಓಡುತ್ತಿದ್ದಳು. ಬಾವಿ ಮುಚ್ಚಬಹುದು. ತೋಡನ್ನು ಹೇಗೆ ಮುಚ್ಚುವುದು? ಸುರಂಗದಿಂದ ನೀರು ಬಂದು ಬೀಳುವ ಕೆರೆಯನ್ನು? 1970ರ ದಶಕದ ಕೊನೆಯಿಂದ 2000ದವರೆಗೆ, ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲ, ಜಿಲ್ಲೆಯ ಗೇರು ತೋಟಗಳ ಮೇಲೆ ಇದು ನಡೆಯಿತು. ಎಣ್ಮಕಜೆಯ ಪಡ್ರೆ, ಸ್ವರ್ಗ, ವಾಣಿನಗರ ಅನ್ನುವ ಹೆಸರುಗಳು ದೇಶಕ್ಕೆಲ್ಲ ಗೊತ್ತಾದದ್ದು ಹುಟ್ಟಿದ ಮಕ್ಕಳ ಸ್ಥಿತಿಯಿಂದ. ಪಡ್ರೆಯ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತನ್ನ ಸಣ್ಣ ಕ್ಲಿನಿಕ್ಕಿಗೆ ಬರುವ ರೋಗಿಗಳನ್ನು ನೋಡಿ ಲೆಕ್ಕ ಬರೆದಿಟ್ಟರು. ಪತ್ರಕರ್ತ ಶ್ರೀ ಪಡ್ರೆ ಬರೆದರು. ಕೃಷಿ ಇಲಾಖೆಯಲ್ಲಿ ಕೆಲಸಕ್ಕಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಕೋರ್ಟಿಗೆ ಹೋದರು.

ಸಿಂಪಡಣೆ ಇಲ್ಲಿ ನಿಂತಿತು. ಆದರೆ ಆ ಮದ್ದು ದೇಶದಲ್ಲೇ ನಿಲ್ಲಬೇಕಾದರೆ ಯಾರ ಸಹಿ ಬೇಕು? ಕೀಟನಾಶಕಗಳಿಗೆ 1968ರ ಕಾಯ್ದೆ ಇದೆ. ನೋಂದಣಿ ದಿಲ್ಲಿಯ ಕೈಯಲ್ಲಿ. ಅದರ 27ನೇ ಸೆಕ್ಷನ್ ಪ್ರಕಾರ ರಾಜ್ಯ ಸರಕಾರ ಒಂದು ಮದ್ದನ್ನು ತಡೆಯಬಹುದು, ಆದರೆ 60 ದಿನಕ್ಕೆ ಮಾತ್ರ. ತನಿಖೆ ಮುಗಿಯದಿದ್ದರೆ ಇನ್ನೊಂದು 30 ದಿನ. ಅಷ್ಟೇ. ಒಟ್ಟು ಸೇರಿಸಿದರೂ ಒಂದು ಸುಗ್ಗಿ ಬೆಳೆಯ ಆಯುಸ್ಸಿಲ್ಲ. ಪೂರ್ತಿ ರದ್ದು ಮಾಡುವುದು ಕೇಂದ್ರದ ಕೆಲಸ.

ಕೇಂದ್ರ ಏನು ಮಾಡಿತು? ಸಮಿತಿ ಮಾಡಿತು. ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಗೆ ಬಂದು ಅಧ್ಯಯನ ಮಾಡಿ, ಮಕ್ಕಳ ಆರೋಗ್ಯದ ತೊಂದರೆಗಳ ಜೊತೆ ಎಂಡೋಸಲ್ಫಾನ್ ನಂಟನ್ನು ತೋರಿಸಿದರು. ಅದನ್ನು ಪರಿಶೀಲಿಸಲು ದುಬೆ ಸಮಿತಿ. ಅದರ ಮೇಲೆ ಮಾಯಿ ಸಮಿತಿ. ಸಮಿತಿ ಅನ್ನುವುದು ಸರಕಾರದ ಕೈಯಲ್ಲಿರುವ ಅತ್ಯಂತ ಸಭ್ಯವಾದ ಆಯುಧ ಅಂತ ನನ್ನ ಅಭಿಪ್ರಾಯ. ಇಲ್ಲ ಅಂತ ಯಾರೂ ಹೇಳುವುದಿಲ್ಲ. ವರ್ಷಗಳು ಮಾತ್ರ ಹೋಗುತ್ತವೆ.

2011ರ ಏಪ್ರಿಲ್ 25ರಂದು ಒಂದು ವಿಚಿತ್ರ ದೃಶ್ಯ ಕಂಡೆವು. ಕೇರಳದ ಮುಖ್ಯಮಂತ್ರಿ ವಿ. ಎಸ್. ಅಚ್ಯುತಾನಂದನ್ ತಿರುವನಂತಪುರದಲ್ಲಿ ಒಂದು ದಿನದ ಉಪವಾಸ ಕೂತರು. ದೇಶದಾದ್ಯಂತ ಎಂಡೋಸಲ್ಫಾನ್ ನಿಷೇಧಿಸಿ ಅಂತ ಬೇಡಿಕೆ. ಇಡೀ ರಾಜ್ಯದ ಆಡಳಿತ ಕೈಯಲ್ಲಿರುವ ಮನುಷ್ಯ ಸತ್ಯಾಗ್ರಹಕ್ಕೆ ಕೂರುವುದು! ಅಧಿಕಾರ ಎಲ್ಲಿದೆ, ಎಲ್ಲಿ ಇಲ್ಲ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಯಾವ ಪಾಠಪುಸ್ತಕವೂ ನನಗೆ ಹೇಳಿಕೊಟ್ಟಿಲ್ಲ. ಅದೇ ವಾರ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ, ಅಂದರೆ ಬೇಗ ಕರಗದ ವಿಷ ರಾಸಾಯನಿಕಗಳನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದದ, ಸಭೆ ನಡೆಯುತ್ತಿತ್ತು. ಎಂಡೋಸಲ್ಫಾನ್ ನಿಷೇಧವನ್ನು ಹಿಂದಿನಿಂದ ವಿರೋಧಿಸುತ್ತಾ ಬಂದಿದ್ದ ಭಾರತ, ಕೆಲವು ಬೆಳೆಗಳಿಗೆ ವಿನಾಯಿತಿ ಸಿಗುವ ಷರತ್ತಿನ ಮೇಲೆ ಒಪ್ಪಿತು. ಪಾರ್ಲಿಮೆಂಟಿನಲ್ಲಿ ಮತ ಹಾಕಿ ಹೋದ ನಿಲುವಲ್ಲ ಅದು. ಅಂತರರಾಷ್ಟ್ರೀಯ ಒಪ್ಪಂದಕ್ಕೆ ನಮ್ಮಲ್ಲಿ ಸರಕಾರದ ತೀರ್ಮಾನವೇ ಸಾಕು.

ಕೊನೆಗೆ ಪೂರ್ತಿ ತಡೆ ಬಂದದ್ದು ಸರಕಾರದ ಸಹಿಯಿಂದ ಅಲ್ಲ. 2011ರ ಮೇ 13ರಂದು ಸುಪ್ರೀಂ ಕೋರ್ಟು ಉತ್ಪಾದನೆ, ಮಾರಾಟ, ಬಳಕೆ ಮೂರನ್ನೂ ತಡೆಯಿತು. 2017ರ ಜನವರಿಯಲ್ಲಿ ಅದೇ ಕೋರ್ಟು ಸಂತ್ರಸ್ತರಿಗೆ ಮೂರು ತಿಂಗಳಲ್ಲಿ ತಲಾ 5 ಲಕ್ಷ ರೂಪಾಯಿ ಕೊಡಿ ಅಂತ ಕೇರಳ ಸರಕಾರಕ್ಕೆ ಹೇಳಿತು. ಐದು ವರ್ಷ ಕಳೆದು, 2022ರ ಮೇ ತಿಂಗಳಲ್ಲಿ ಕೋರ್ಟು ಲೆಕ್ಕ ಕೇಳಿದಾಗ ಸಿಕ್ಕಿದ ಉತ್ತರ: 3704 ಮಂದಿಯಲ್ಲಿ 8 ಮಂದಿಗೆ ಕೊಟ್ಟಾಗಿದೆ. ಕೋರ್ಟು ಗದರಿದ ಮೇಲೆ ವಿತರಣೆ ಚುರುಕಾಯಿತು. ಹಾಗಾಗಿ ದಿಲ್ಲಿ ಮಾತ್ರ ಕೆಟ್ಟದು, ತಿರುವನಂತಪುರ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಆದೇಶ ಕೈಯಲ್ಲಿದ್ದರೂ ಹಣ ಬಿಡುಗಡೆ ಮಾಡದೆ ಕೂರುವುದು ಎಲ್ಲ ಊರಿನ ಸರಕಾರಕ್ಕೂ ಬರುವ ವಿದ್ಯೆ.

ಈಗ ಚಿಕ್ಕಪ್ಪನ ಗುಡ್ಡಕ್ಕೆ ವಾಪಸು ಬರುವ.

ದೊಡ್ಡ ಯೋಜನೆ, ಗಣಿ, ಕೋರೆಗಳಿಗೆ ಮೊದಲೇ ಪರಿಸರ ಅನುಮತಿ ಬೇಕು ಅನ್ನುವ ನಿಯಮವೂ ಇರುವುದು ಒಂದು ಅಧಿಸೂಚನೆಯಲ್ಲಿ. 1994ರಲ್ಲಿ ಬಂದದ್ದು, 2006ರಲ್ಲಿ ಹೊಸದಾಗಿ ಬರೆದದ್ದು. 2020ರ ಮಾರ್ಚ್ 28ರಂದು ಅದಕ್ಕೊಂದು ತಿದ್ದುಪಡಿ ಬಂತು. ಲಾಕ್‌ಡೌನ್ ಶುರುವಾಗಿ ನಾಲ್ಕನೇ ದಿನ ಅದು. ನಮ್ಮ ಜಿಲ್ಲೆಯಲ್ಲಿ ಆಗ ಹಾಲಿಗೆ ಹೋಗಲಿಕ್ಕೂ ಪೊಲೀಸರಿಗೆ ಉತ್ತರ ಕೊಡಬೇಕಿತ್ತು. ಮಂಗಳೂರಿನ ಆಸ್ಪತ್ರೆಗೆ ಹೋಗುವ ಮಾರ್ಗಕ್ಕೆ ಗಡಿಯಲ್ಲಿ ಮಣ್ಣು ಸುರಿದಿದ್ದರು. ಅದೇ ವಾರ ದಿಲ್ಲಿಯ ಗೆಜೆಟಿನಲ್ಲಿ ಒಂದು ಸಾಲು ಅಚ್ಚಾಯಿತು: ರಸ್ತೆ, ಪೈಪ್‌ಲೈನಿನಂಥ ಉದ್ದುದ್ದ ಯೋಜನೆಗಳಿಗೆ ಸಾಮಾನ್ಯ ಮಣ್ಣು ತೆಗೆಯಲು ಮೊದಲೇ ಪರಿಸರ ಅನುಮತಿ ಬೇಡ.

ಸಾಮಾನ್ಯವಾಗಿ ಇಂಥ ತಿದ್ದುಪಡಿಯ ಕರಡನ್ನು ಮೊದಲು ಪ್ರಕಟಿಸಿ, 60 ದಿನ ಜನರ ಆಕ್ಷೇಪ ಕೇಳಬೇಕು. 1986ರ ಪರಿಸರ ನಿಯಮಗಳ ಐದನೇ ನಿಯಮ ಅದು. ಆದರೆ ಅದೇ ನಿಯಮದ ಕೆಳಗೆ ಒಂದು ಸಣ್ಣ ಬಾಗಿಲಿದೆ. ಸಾರ್ವಜನಿಕ ಹಿತ ಇದ್ದರೆ ಆಕ್ಷೇಪ ಕೇಳದೆಯೂ ಹೊರಡಿಸಬಹುದು. ಅಂದು ಆ ಬಾಗಿಲಿನಿಂದ ದಾಟಿದರು. 2024ರ ಮಾರ್ಚ್ 21ರಂದು ಸುಪ್ರೀಂ ಕೋರ್ಟು ಆ ವಿನಾಯಿತಿಯನ್ನು ರದ್ದು ಮಾಡಿತು. ಎಷ್ಟು ಮಣ್ಣು, ಎಷ್ಟು ಜಾಗ ಅಂತ ಒಂದು ಮಿತಿಯೇ ಇಲ್ಲ, ಜನರನ್ನು ಕೇಳದಿರಲು ಏನು ಅವಸರ ಇತ್ತು ಅಂತ ಕಾರಣವೂ ಇಲ್ಲ ಅಂತ ಹೇಳಿತು. ಒಂದು ವರ್ಷ ಕಳೆದು, 2025ರಲ್ಲಿ, ಷರತ್ತು ಮತ್ತು ಮಿತಿ ಹಾಕಿದ ಇನ್ನೊಂದು ಅಧಿಸೂಚನೆ ಬಂತು.

"ಅಂದರೆ ಆ ನಾಲ್ಕು ವರ್ಷ ತೆಗೆದ ಮಣ್ಣು?" ಅಂತ ಚಿಕ್ಕಪ್ಪ ಕೇಳಿದರು.

ಮಣ್ಣನ್ನು ವಾಪಸು ಗುಡ್ಡಕ್ಕೆ ಅಂಟಿಸಲು ಆಗುವುದಿಲ್ಲ. ಹೆದ್ದಾರಿ ಬೇಡ ಅಂತ ನಾನಾಗಲಿ ಅವರಾಗಲಿ ಹೇಳುವುದಿಲ್ಲ. ಹಳೆಯ ಮಾರ್ಗದಲ್ಲಿ ಜೀವ ಕಳಕೊಂಡವರು ನಮ್ಮ ಪೈಕಿಯಲ್ಲೇ ಇದ್ದಾರೆ. ಆದರೆ ಕೋರ್ಟಿನ ತೀರ್ಪು ಬರುವಾಗ ಟಿಪ್ಪರ್ ಹೋಗಿ ಆಗಿರುತ್ತದೆ. ಸರಕಾರದ ಸಹಿಗೂ ಕೋರ್ಟಿನ ತಿದ್ದುಪಡಿಗೂ ನಡುವಿನ ಈ ಅಂತರದಲ್ಲೇ ಬಹಳಷ್ಟು ಕೆಲಸ ಮುಗಿದುಹೋಗುತ್ತದೆ. ಕೋರ್ಟಿನ ಮಾತೂ ಯಾವಾಗಲೂ ಕೊನೆಯ ಮಾತಲ್ಲ. ಅನುಮತಿ ಇಲ್ಲದೆ ಕಟ್ಟಿ, ಆಮೇಲೆ ಅನುಮತಿ ಪಡೆಯುವ ವ್ಯವಸ್ಥೆಯನ್ನು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತಪ್ಪು ಅಂದಿತು. ಆ ವ್ಯವಸ್ಥೆಗೆ ಆಧಾರವಾಗಿ ಇದ್ದದ್ದು 2017ರ ಒಂದು ಅಧಿಸೂಚನೆ ಮತ್ತು 2021ರ ಒಂದು ಕಚೇರಿ ಜ್ಞಾಪನ. ನವೆಂಬರಿನಲ್ಲಿ ಅದೇ ಕೋರ್ಟಿನ ಮೂವರ ಪೀಠ, ಇಬ್ಬರ ಬಹುಮತದಿಂದ, ಆ ತೀರ್ಪನ್ನು ವಾಪಸು ತೆಗೆದುಕೊಂಡಿತು.

ಹಾಗಿದ್ದರೆ ಜನರ ಪಾಲಿಗೆ ಉಳಿಯುವುದು ಆ 60 ದಿನ. ಅದರಲ್ಲೂ ನಮ್ಮಂಥವರಿಗೆ ಒಂದು ತೊಡಕು. 2020ರಲ್ಲಿ ಪರಿಸರ ಅನುಮತಿಯ ಇಡೀ ನಿಯಮವನ್ನೇ ಹೊಸದಾಗಿ ಬರೆಯುವ ಕರಡು ಬಂದಾಗ ಅದು ಇದ್ದದ್ದು ಇಂಗ್ಲಿಷ್, ಹಿಂದಿಯಲ್ಲಿ. ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಿಗೆ ಅನುವಾದಿಸಿ ಅಂತ ದಿಲ್ಲಿ ಹೈಕೋರ್ಟು ಜೂನ್ 30ರಂದು ಹೇಳಿತು. ಸ್ಥಳೀಯ ಭಾಷೆಯಲ್ಲಿ ಪ್ರಚಾರ ಆಗಿಲ್ಲ ಅನ್ನುವ ಕಾರಣಕ್ಕೆ ಕರ್ನಾಟಕ ಹೈಕೋರ್ಟು ಅಂತಿಮ ಅಧಿಸೂಚನೆಗೆ ತಡೆ ಕೊಟ್ಟಿತು. ಆ ಕರಡು ಕೊನೆಗೂ ಅಂತಿಮ ಆಗಲಿಲ್ಲ. ಕೇರಳದಲ್ಲಿ ಕನ್ನಡಿಗರು ರಾಜ್ಯ ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು. 1969ರ ಆಡಳಿತ ಭಾಷಾ ಕಾಯ್ದೆ ಆ ಹಕ್ಕು ಕೊಟ್ಟಿದೆ. ಹಾಗಂತ ದಿಲ್ಲಿಯ ಗೆಜೆಟು ಕಾಸರಗೋಡಿನ ಕನ್ನಡಿಗನನ್ನು ಹುಡುಕಿಕೊಂಡು ಬರುವುದಿಲ್ಲ. ಹೋಗಿ ಓದಬೇಕಾದವರು ನಾವು.

2024ರ ಆಗಸ್ಟಿನಲ್ಲಿ ಚಿಕ್ಕಪ್ಪನೂ ನಾನೂ ಪೇಟೆಯ ಅಕ್ಷಯ ಕೇಂದ್ರಕ್ಕೆ, ಅಂದರೆ ಸರಕಾರಿ ಆನ್‌ಲೈನ್ ಸೇವೆಯ ಕೇಂದ್ರಕ್ಕೆ, ಹೋದದ್ದು ಅದೇ ಕಾರಣಕ್ಕೆ. ಜುಲೈ 31ರಂದು ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಬಂದಿತ್ತು. ಆರು ರಾಜ್ಯ, 56,825 ಚದರ ಕಿಲೋಮೀಟರ್. 2014ರಿಂದ ಲೆಕ್ಕ ಹಾಕಿದರೆ ಅದು ಆರನೇ ಕರಡು. ಪ್ರತಿ ಸಲ ಕರಡು ಬರುತ್ತದೆ, ರಾಜ್ಯಗಳು ಬೇಡ ಅನ್ನುತ್ತವೆ, ಅವಧಿ ಮುಗಿಯುತ್ತದೆ, ಪುನಃ ಕರಡು. ಚಿಕ್ಕಪ್ಪನ ಮಗಳನ್ನು ಕೊಟ್ಟದ್ದು ಸುಳ್ಯ ಕಡೆಗೆ, ಘಟ್ಟದ ಬುಡಕ್ಕೆ. ಅವಳ ಗ್ರಾಮದ ಹೆಸರು ಪಟ್ಟಿಯಲ್ಲಿ ಇದೆಯಾ ಅಂತ ಅವರಿಗೆ ನೋಡಬೇಕಿತ್ತು.

ಕಂಪ್ಯೂಟರಿನ ಹುಡುಗಿ ಕೇಳಿದಳು, "ಮೊದಲಿನ ಅರ್ಧ ಹಿಂದಿ ಉಂಟು. ಅದು ಪ್ರಿಂಟ್ ಬೇಡ ಅಲ್ವಾ?"

ಬೇಡ ಅಂದೆವು. ಇಂಗ್ಲಿಷಿನದ್ದು ಬೆಚ್ಚಗೆ ಹೊರಗೆ ಬಂತು. ಹೊರಗಿನ ಬೆಂಚಿನಲ್ಲಿ ಕೂತು ನಾನು ಒಂದೊಂದೇ ವಾಕ್ಯ ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಗಣಿ, ಕೋರೆ, ಮರಳು ಪೂರ್ತಿ ನಿಷೇಧ. ಕೆಂಪು ವರ್ಗದ, ಅಂದರೆ ತುಂಬಾ ಮಾಲಿನ್ಯ ಮಾಡುವ, ಹೊಸ ಕಾರ್ಖಾನೆ ಇಲ್ಲ. ದೊಡ್ಡ ಬಡಾವಣೆ ಇಲ್ಲ. ಕೃಷಿಗೆ ತಡೆ ಇಲ್ಲ. ಚಿಕ್ಕಪ್ಪ ತಾಳಮದ್ದಳೆಗೆ ಕೂತ ಹಾಗೆ ಕಣ್ಣು ಮುಚ್ಚಿ ಕೇಳುತ್ತಿದ್ದರು. ಆಮೇಲೆ ಒಮ್ಮೆಲೆ ಕಣ್ಣು ಬಿಟ್ಟರು.

"ಸುರುವಿನ ಪುಟಕ್ಕೆ ಹೋಗು. ತಾರೀಕು ಎಷ್ಟು ಹೇಳಿದೆ?"

"ಜುಲೈ 31."

ಬೆರಳಲ್ಲಿ ಎಣಿಸಿದರು. "ಸೆಪ್ಟೆಂಬರ್ ಕೊನೆಯವರೆಗೆ ಸಮಯ ಉಂಟು. ಪಟ್ಟಿ ಯಾವ ಪುಟದಲ್ಲಿ?"